ಕಿವಿ ಹಿಂಡಿದರೆ ಮುಗ್ಗರಿಸುವ ಗಾಡಿ

ಪೆರ್ಲದ ಆಸುಪಾಸಿನಲ್ಲಿ ತೋಟ ಕೆಳಗೆ, ಡಾಮರು ರಸ್ತೆ ಮೇಲೆ. ನಡುವೆ ಗುಡ್ಡೆ ಕಡಿದು ಮಾಡಿದ ಮುರಕಲ್ಲಿನ ಏರು. ಹಿಂದಿನ ಸೀಟಿಗೆ ಅಡಿಕೆ ಗೋಣಿ ಕಟ್ಟಿ ಒಂದನೇ ಗೇರಿನಲ್ಲಿ ಆ ಏರಿಗೆ ಗಾಡಿ ಕೊಟ್ಟವರಿಗೆ ಒಂದು ಕ್ಷಣದ ಪರಿಚಯ ಇದ್ದೇ ಇರುತ್ತದೆ. ತಿರುವಿನಲ್ಲಿ ವೇಗ ಇಳಿದಿದೆ, ಆಕ್ಸಿಲರೇಟರಿನ ಕಿವಿ ಹಿಂಡುತ್ತೀರಿ. ಗಾಡಿ ಮುಂದೆ ಹಾರುವ ಬದಲು 'ಬುಸ್' ಎಂದು ಉಸಿರು ಎಳೆದುಕೊಳ್ಳುತ್ತದೆ, ಒಮ್ಮೆ ಮುಗ್ಗರಿಸುತ್ತದೆ, ಮತ್ತೆ ಎಳೆಯುತ್ತದೆ. ಇಲ್ಲವೇ ಅಲ್ಲೇ ಆಫ್. ಗೋಣಿ ಸಮೇತ ಹಿಂದಕ್ಕೆ ಜಾರುವ ಗಾಡಿಯನ್ನು ಎರಡು ಕಾಲಿನಲ್ಲಿ ತಡೆದು ನಿಂತಾಗ ಬಾಯಿಗೆ ಬರುವ ಮಾತು ಅಚ್ಚು ಹಾಕುವಂಥದ್ದಲ್ಲ.

ನನ್ನ ಹಳೆಯ 100 ಸಿಸಿ ಬೈಕು ಒಂದು ಮಳೆಗಾಲ ಪೂರ್ತಿ ಹೀಗೆ ಮಾಡಿತು. ಹೊಸ ಪ್ಲಗ್ ಹಾಕಿಸಿದೆ. ಏರ್ ಫಿಲ್ಟರ್ ಬದಲಿಸಿದೆ. ಯಾರೋ ಹೇಳಿದರೆಂದು ಕ್ಲಚ್ ಕೇಬಲ್ಲನ್ನೂ ಬದಲಿಸಿದೆ. ದುಡ್ಡು ಹೋಯಿತು, ಮುಗ್ಗರಿಕೆ ಹೋಗಲಿಲ್ಲ. 'ಪಿಕಪ್ ಇಲ್ಲ' ಎಂಬ ಒಂದೇ ದೂರನ್ನು ಹಿಡಿದುಕೊಂಡು ಸಾಮಾನು ಬದಲಿಸುತ್ತಿದ್ದೆನೇ ಹೊರತು, ಕಿವಿಯನ್ನು ಎಷ್ಟು ಹಿಂಡಿದಾಗ ಗಾಡಿ ಮುಗ್ಗರಿಸುತ್ತದೆ ಎಂದು ನೋಡಿರಲಿಲ್ಲ. ಕಾರ್ಬ್ಯುರೇಟರಿನ ಕಾಯಿಲೆ ಪತ್ತೆಯ ಮುಕ್ಕಾಲು ಪಾಲು ಕೆಲಸ ಆ ಒಂದು ಪ್ರಶ್ನೆಯಲ್ಲಿದೆ.

2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಿಗೆ ಹೆಚ್ಚಾಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಆದರೆ ನಮ್ಮ ಹಳ್ಳಿಗಳಲ್ಲಿ ಕಾರ್ಬ್ಯುರೇಟರ್ ಇನ್ನೂ ರಿಟೈರ್ ಆಗಿಲ್ಲ. ಹಳೆಯ ಬೈಕು, ಹುಲ್ಲು ಹೊಡೆಯುವ ಬ್ರಷ್ ಕಟರ್, ಔಷಧಿ ಬಿಡುವ ಪೆಟ್ರೋಲ್ ಸ್ಪ್ರೇಯರ್, ಚಿಕ್ಕ ಪಂಪ್‌ಸೆಟ್, ಎಲ್ಲೋ ಒಂದೆರಡು ಎಸ್ಟೇಟಿನಲ್ಲಿ ಗುಡ್ಡೆ ಹತ್ತಲು ಇಟ್ಟುಕೊಂಡ ನಾಲ್ಕು ಚಕ್ರದ ಎಟಿವಿ: ಇವೆಲ್ಲದರ ಹೊಟ್ಟೆಯಲ್ಲಿ ಇರುವುದು ಅದೇ ಹಿತ್ತಾಳೆ ಜೆಟ್ಟುಗಳ ಅಲ್ಯೂಮಿನಿಯಂ ಡಬ್ಬಿ.

ಒಳಗೆ ನಡೆಯುವುದು ಏನು?

ಮಹಾಳಿ ಬಾರದಂತೆ ಅಡಿಕೆಗೆ ಬೋರ್ಡೋ ದ್ರಾವಣ ಬಿಟ್ಟವರಿಗೆ ಕಾರ್ಬ್ಯುರೇಟರ್ ಹೊಸದಲ್ಲ. ಅದೂ ಒಂದು ಸ್ಪ್ರೇಯರೇ. ವ್ಯತ್ಯಾಸ ಇಷ್ಟೆ: ಸ್ಪ್ರೇಯರಿನಲ್ಲಿ ಪಂಪು ದ್ರವವನ್ನು ದೂಡುತ್ತದೆ, ಕಾರ್ಬ್ಯುರೇಟರಿನಲ್ಲಿ ಗಾಳಿ ಅದನ್ನು ಹೀರುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ನಡುವೆ ಸಪುರವಾದ ಒಂದು ಕೊಳವೆಯಲ್ಲಿ ಹಾಯುತ್ತದೆ. ಸಪುರ ಜಾಗದಲ್ಲಿ ಗಾಳಿಗೆ ವೇಗ ಹೆಚ್ಚು, ಒತ್ತಡ ಕಮ್ಮಿ. ಕೆಳಗಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲು ಆ ಕಮ್ಮಿ ಒತ್ತಡದ ಕಡೆಗೆ ಜೆಟ್ಟಿನ ತೂತಿನ ಮೂಲಕ ಏರಿ, ಹನಿಯೊಡೆದು ಗಾಳಿಗೆ ಸೇರುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವುದು ಫ್ಲೋಟ್. ಮನೆಯ ನೀರಿನ ಟಾಂಕಿಯಲ್ಲಿ ತೇಲುವ ಚೆಂಡಿನ ತಮ್ಮ ಎನ್ನಿ.

ಬಟ್ಟಲಿನಿಂದ ಮೇಲೆ ಹೋಗಲು ಪೆಟ್ರೋಲಿಗೆ ಮೂರು ದಾರಿ. ಕಿವಿ ಹಿಂಡದೆ ಎಂಜಿನ್ ಸುಮ್ಮನೆ ಓಡುವಾಗಿನಿಂದ ಕಾಲು ಭಾಗ ತಿರುಗಿಸುವ ತನಕ ಪೈಲಟ್ ಜೆಟ್ಟಿನ ಕಾರುಬಾರು. ಕಾಲಿನಿಂದ ಮುಕ್ಕಾಲಿನವರೆಗೆ, ಮೇಲೆ ಕೆಳಗೆ ಸರಿಯುವ ಸ್ಲೈಡಿಗೆ ಸಿಕ್ಕಿಸಿದ ಚೂಪು ಸೂಜಿಯ ಅಧಿಕಾರ. ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್. ಗಡಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ, ಆದರೂ ಲೆಕ್ಕ ಸರಿ. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗೂ ಕಮ್ಮಿ. ಮೇನ್ ಜೆಟ್ಟಿನದ್ದು ಸಣ್ಣ ಬೈಕುಗಳಲ್ಲಿ ಒಂದು ಮಿಲಿಮೀಟರಿನ ಆಚೀಚೆ. ಮೊದಲು ಯಾವುದು ಕಟ್ಟುತ್ತದೆ ಎಂದು ಬೇರೆ ಹೇಳಬೇಕಿಲ್ಲ. ನಮ್ಮ ಗುಡ್ಡೆಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳನ್ನು ನೆನೆಯಿರಿ. ಬರುವುದು ಸಪುರ ಧಾರೆ, ಆದರೆ ಮನೆ ನಡೆಯುವುದು ಅದರಲ್ಲೇ. ಒಳಗೆ ಒಂದು ಹಿಡಿ ಮಣ್ಣು ಕುಸಿದರೆ ಹೊರಗಿನ ತೊಟ್ಟಿ ಬತ್ತುತ್ತದೆ.

ಹಾಗಾದರೆ ಮುಗ್ಗರಿಸುವುದೇಕೆ? ಪೆಟ್ರೋಲು ಗಾಳಿಗಿಂತ ಸುಮಾರು 600 ಪಟ್ಟು ಭಾರ. ಫಕ್ಕನೆ ಕಿವಿ ಹಿಂಡಿದರೆ ಗಾಳಿ ಆ ಗಳಿಗೆಯಲ್ಲೇ ನುಗ್ಗುತ್ತದೆ, ಪೆಟ್ರೋಲು ಎದ್ದು ಬರಲು ತಡ ಮಾಡುತ್ತದೆ. ಬಂದದ್ದರಲ್ಲೂ ಒಂದಷ್ಟು ಕೊಳವೆಯ ಗೋಡೆಗೆ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಪೆಟ್ರೋಲು ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಆ ಅರೆಕ್ಷಣದಲ್ಲಿ ಗಾಳಿಯ ಪಾಲು ಅದನ್ನು ಎಲ್ಲೋ ಮೀರುತ್ತದೆ, ಕಿಡಿ ಬಿದ್ದರೂ ಬೆಂಕಿ ಸರಿಯಾಗಿ ಹತ್ತುವುದಿಲ್ಲ. ಕೆಲವು ಕಾರ್ಬ್ಯುರೇಟರುಗಳಲ್ಲಿ ಇದಕ್ಕೆಂದೇ ಒಂದು ಪುಟ್ಟ ಪಂಪು ಇದ್ದು, ಕಿವಿ ಹಿಂಡಿದೊಡನೆ ಒಂದು ಚಿಮ್ಮು ಪೆಟ್ರೋಲು ಬಿಡುತ್ತದೆ. ಇನ್ನು ಕೆಲವದರಲ್ಲಿ ಸ್ಲೈಡನ್ನು ಕೇಬಲ್ ಎತ್ತುವುದಿಲ್ಲ, ರಬ್ಬರಿನ ಪೊರೆಯ ಮೂಲಕ ಗಾಳಿಯೇ ಎತ್ತುತ್ತದೆ. ಬಹಳಷ್ಟು ಎಟಿವಿಗಳಲ್ಲಿ, ದೊಡ್ಡ ಬೈಕುಗಳಲ್ಲಿ ಇರುವುದು ಇದೇ. ಒಳ್ಳೆಯ ಸ್ಥಿತಿಯಲ್ಲಿದ್ದಾಗ ಈ ಏರ್ಪಾಡುಗಳು ತಡವನ್ನು ಮುಚ್ಚಿಹಾಕುತ್ತವೆ. ಎಲ್ಲೋ ಒಂದು ಕಡೆ ಪೆಟ್ರೋಲು ಕೊರೆಯಾದಾಗ ಮುಚ್ಚಿದ್ದು ಬಯಲಾಗುತ್ತದೆ.

ಎಲ್ಲಿ ಮುಗ್ಗರಿಸುತ್ತದೆ?

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಒಂದು ತುಂಡು ಕಾಗದದ ಟೇಪು ತೆಗೆದುಕೊಳ್ಳಿ. ಆಕ್ಸಿಲರೇಟರ್ ಹಿಡಿಯ ಪಕ್ಕದ ಕವಚದ ಮೇಲೆ ಒಂದು ಗೆರೆ. ಹಿಡಿಗೆ ಟೇಪು ಸುತ್ತಿ ಅದರ ಮೇಲೆ ಸೊನ್ನೆ, ಕಾಲು, ಅರ್ಧ, ಮುಕ್ಕಾಲು ಎಂದು ಗುರುತು. ಎಂಜಿನ್ ಬಿಸಿಯಾದ ಮೇಲೆ ಖಾಲಿ ದಾರಿಯಲ್ಲಿ ಓಡಿಸಿ, ಗಾಡಿ ತಡವರಿಸಿದಾಗ ಯಾವ ಗುರುತು ಗೆರೆಗೆ ಬಂದಿದೆ ಎಂದು ನೋಡಿ.

ನಿಂತಲ್ಲಿಂದ ಎಬ್ಬಿಸುವಾಗ, ಕಾಲು ಗುರುತಿನ ಒಳಗೆ ಮುಗ್ಗರಿಸಿದರೆ ಸಂಶಯ ಪೈಲಟ್ ಜೆಟ್ ಮತ್ತು ಅದರ ಹದ ತಿದ್ದುವ ಮಿಕ್ಸ್ಚರ್ ಸ್ಕ್ರೂ ಮೇಲೆ. ಅರ್ಧದ ಹತ್ತಿರವಾದರೆ ಸೂಜಿ, ಸ್ಲೈಡ್, ಪೊರೆ ಇದ್ದ ಗಾಡಿಯಲ್ಲಿ ಪೊರೆ. ಮುಕ್ಕಾಲು ದಾಟಿದ ಮೇಲೆ ಶಕ್ತಿ ಕುಸಿದು, ಕಿವಿ ಸ್ವಲ್ಪ ಸಡಿಲಿಸಿದಾಗ ಎಳೆತ ಹೆಚ್ಚಿದರೆ ಮೇನ್ ಜೆಟ್ಟಿಗೆ ಪೆಟ್ರೋಲು ಸಾಲುತ್ತಿಲ್ಲ. ನನ್ನ ಬೈಕು ಪ್ರತಿ ಸಲವೂ ಕಾಲು ಗುರುತಿನ ಒಳಗೇ ಮುಗ್ಗರಿಸುತ್ತಿತ್ತು. ಅದು ಗೊತ್ತಾಗಲು ಬೇಕಾದದ್ದು ಐದು ನಿಮಿಷ.

ಮುಗ್ಗರಿಸುವುದು ಬೇರೆ, ಸೊರಗುವುದು ಬೇರೆ. ಗಾಡಿ ಚೆನ್ನಾಗಿಯೇ ಹೊರಟು, ಉದ್ದದ ಏರಿನಲ್ಲಿ ಒಂದೆರಡು ಫರ್ಲಾಂಗು ಎಳೆದ ಮೇಲೆ ನಿಧಾನವಾಗಿ ಸತ್ತರೆ ಅದು ಬಟ್ಟಲು ಬರಿದಾಗುವ ಲಕ್ಷಣ. ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಸ್' ಎಂದು ಗಾಳಿ ಒಳಹೋಗಿ ಗಾಡಿ ಮತ್ತೆ ಹೊರಟರೆ ಮುಚ್ಚಳದ ಉಸಿರುತೂತು ಕಟ್ಟಿದೆ. ಅದಲ್ಲವಾದರೆ ಪೆಟ್ರೋಲ್ ಕಾಕ್‌ನ ಜಾಲರಿ, ಪೈಪಿನ ಫಿಲ್ಟರ್ ನೋಡಿ.

ಕೊರೆಯೋ, ಹೆಚ್ಚೋ?

ಎರಡನೆಯ ಪರೀಕ್ಷೆಗೆ ಸಾಧನ ಗಾಡಿಯಲ್ಲೇ ಇದೆ: ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್. ಎಂಜಿನ್ ಬಿಸಿಯಿರುವಾಗ ಚೋಕನ್ನು ಅರ್ಧ ಎಳೆದು ಮತ್ತೆ ಕಿವಿ ಹಿಂಡಿ. ಮುಗ್ಗರಿಕೆ ಕಮ್ಮಿಯಾದರೆ ಪೆಟ್ರೋಲು ಕೊರೆ ಎಂದಾಯಿತು: ಜೆಟ್ ಕಟ್ಟಿದೆ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಸೇರುತ್ತಿದೆ. ಇನ್ನೂ ಹದಗೆಟ್ಟರೆ ಪೆಟ್ರೋಲು ಹೆಚ್ಚು: ಏರ್ ಫಿಲ್ಟರ್ ಒದ್ದೆ ಅಥವಾ ಧೂಳು ತುಂಬಿದೆ, ಫ್ಲೋಟಿನ ಮಟ್ಟ ಏರಿದೆ, ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಸಾಕ್ಷಿ ಸಿಗುತ್ತದೆ. ತುದಿ ಒಣ ಮಸಿಯಂತೆ ಕಪ್ಪಾಗಿದ್ದರೆ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕೊರೆ, ಒಣಗಿದ ಅಡಿಕೆ ಸಿಪ್ಪೆಯ ತಿಳಿ ಕಂದು ಇದ್ದರೆ ಹದ.

ಕಳ್ಳಗಾಳಿ ಹಿಡಿಯಲು ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೊಳವೆಯ ಮೇಲೆ, ಎಂಜಿನ್ ಸುಮ್ಮನೆ ಓಡುತ್ತಿರುವಾಗ ಸ್ವಲ್ಪ ಸೋಪುನೀರು ಚಿಮುಕಿಸಿ. ಸದ್ದು ಬದಲಾದರೆ ಅಲ್ಲಿ ಬಿರುಕಿದೆ. ಕೆಲವರು ಇದಕ್ಕೆ ಪೆಟ್ರೋಲೋ ಕ್ಲೀನರ್ ಸ್ಪ್ರೇಯೋ ಹೊಡೆಯುತ್ತಾರೆ. ಬಿಸಿ ಸೈಲೆನ್ಸರಿನ ಪಕ್ಕ ಆ ಸಾಹಸ ಬೇಡ.

ಬಟ್ಟಲಲ್ಲಿ ಉರುಳಿದ ಮಣಿಗಳು

ಟೇಪು ಮತ್ತು ಚೋಕ್ ಎರಡೂ ಬೆರಳು ತೋರಿಸಿದ್ದು ಒಂದೇ ಕಡೆಗೆ: ಪೈಲಟ್ ಜೆಟ್, ಪೆಟ್ರೋಲು ಕೊರೆ. ಜಗಲಿಯಲ್ಲಿ ಹಳೆ ಪಂಚೆ ಹಾಸಿ, ಕಾಕ್ ಮುಚ್ಚಿ, ಬಟ್ಟಲಿನ ಅಡಿಯ ಡ್ರೇನ್ ಸ್ಕ್ರೂ ಸಡಿಲಿಸಿದೆ. ಸ್ಟೀಲ್ ಲೋಟಕ್ಕೆ ಇಳಿದ ಪೆಟ್ರೋಲಿನ ತಳದಲ್ಲಿ ಕೆಸುವಿನೆಲೆಯ ಮೇಲಿನ ಹನಿಗಳಂತೆ ನಾಲ್ಕೈದು ಮಣಿಗಳು ಉರುಳಾಡುತ್ತಿದ್ದವು. ನೀರು. ಬಟ್ಟಲು ಕಳಚಿದಾಗ ಮೂಲೆಯಲ್ಲಿ ಬಿಳಿ ಪುಡಿ, ಜೆಟ್ಟಿನ ಬುಡದಲ್ಲಿ ಹಸಿರು ಕಿಲುಬು. ಪೈಲಟ್ ಜೆಟ್ ಬಿಚ್ಚಿ, ಒರೆಸಿ, ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಸೂಜಿಮೊನೆಯಷ್ಟು ಬೆಳಕು ಕಾಣಬೇಕಿತ್ತು. ಕತ್ತಲೆ.

ಈ ನೀರು ಬಂದದ್ದು ಎಲ್ಲಿಂದ? ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿಯ ತಂಪಿಗೆ ಬೆವರು ಕಟ್ಟುತ್ತದೆ. ಮುಚ್ಚಳದ ರಬ್ಬರ್ ಹಳತಾದರೆ ಮಳೆನೀರೇ ಇಳಿಯುತ್ತದೆ. ಅದರ ಮೇಲೆ ಗಡಿನಾಡಿನ ಒಂದು ಅಭ್ಯಾಸ: ನಾವಿರುವ ಕೇರಳಕ್ಕಿಂತ ಕರ್ನಾಟಕದಲ್ಲಿ ಪೆಟ್ರೋಲು ಲೀಟರಿಗೆ ಕೆಲವು ರೂಪಾಯಿ ಅಗ್ಗ, ಸಾರಡ್ಕ ದಾಟಿದರೆ ಕರ್ನಾಟಕ. ಅತ್ತ ಹೋದವರು ಕ್ಯಾನಿನಲ್ಲಿ ಬ್ರಷ್ ಕಟರಿಗೆಂದು ಎರಡು ಲೀಟರು ಹೆಚ್ಚು ತಂದು, ಕೊಟ್ಟಿಗೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ನಾನೂ ಇಟ್ಟಿದ್ದೆ, ಅದನ್ನೇ ಬೈಕಿಗೂ ಸುರಿದಿದ್ದೆ.

ಈಗಿನ ಪೆಟ್ರೋಲಿಗೆ ಆ ಕಾಯುವಿಕೆ ಒಗ್ಗುವುದಿಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲು ಬಿಡುಗಡೆಯಾಯಿತು. ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥನಾಲ್ ನೀರನ್ನು ಕರೆದು ಕೂರಿಸಿಕೊಳ್ಳುವ ಸ್ವಭಾವದ್ದು. ಒಂದು ಮಿತಿಯವರೆಗೆ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಎರಡೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಬಟ್ಟಲಿನ ತಳದಲ್ಲೇ ಜೆಟ್ಟುಗಳ ಬಾಯಿ ಇರುವುದು. ಇದನ್ನು ಕಣ್ಣಾರೆ ಕಾಣಬೇಕೆಂದರೆ, ಬೆಂಕಿಯಿಂದ ದೂರ, ಗೆರೆ ಹಾಕಿದ ಗಾಜಿನ ಬಾಟಲಿಯಲ್ಲಿ 100 ಮಿಲಿಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ನೀರು ಸೇರಿಸಿ ಕುಲುಕಿಡಿ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಪದರ 20ರಲ್ಲಿ ನಿಲ್ಲದೆ 40ರ ಹತ್ತಿರ ಏರಿರುತ್ತದೆ. ಏರಿದ್ದಷ್ಟೂ ಎಥನಾಲ್.

ಇನ್ನೊಂದು ಲೆಕ್ಕವೂ ಇದೆ. ಒಂದು ಪಾಲು ಎಥನಾಲ್ ಉರಿಯಲು 9 ಪಾಲು ಗಾಳಿ ಸಾಕು. ಹಾಗಾಗಿ ಇ-20ಕ್ಕೆ ಬೇಕಾದ ಹದ ಸುಮಾರು 13.5. ಬರೀ ಪೆಟ್ರೋಲಿಗೆಂದು ತೂತು ಕೊರೆದ ಹಳೆಯ ಜೆಟ್ಟಿನಲ್ಲಿ ಇದನ್ನು ಹರಿಸಿದರೆ ಮಿಶ್ರಣ ಶೇ. 8ರಷ್ಟು ಕೊರೆಯಾಗುತ್ತದೆ. ಆರೋಗ್ಯವಾಗಿದ್ದ ಗಾಡಿ ಇದನ್ನು ತಡೆದುಕೊಂಡೀತು. ಜೆಟ್ ಅರ್ಧ ಕಟ್ಟಿದ ಗಾಡಿ ಮುಗ್ಗರಿಸುತ್ತದೆ.

ತೊಳೆಯುವ ಕ್ರಮ

ಏರ್ ಫಿಲ್ಟರ್, ಪೆಟ್ರೋಲು, ಮುಚ್ಚಳ, ಪ್ಲಗ್ ನೋಡಿಯಾದ ಮೇಲೆಯೇ ಕಾರ್ಬ್ಯುರೇಟರಿಗೆ ಕೈ ಹಾಕಿ. ಹಿತ್ತಾಳೆ ಮೆತ್ತಗಿನ ಲೋಹ. ಕಚ್ಚಿಗೆ ಸರಿಹೊಂದುವ ಸ್ಕ್ರೂಡ್ರೈವರ್ ಇಲ್ಲದೆ ಜೆಟ್ ತಿರುಗಿಸಿದರೆ ತಲೆ ಸವೆದು ಅಲ್ಲೇ ಕೂರುತ್ತದೆ. ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ನನ್ನದರಲ್ಲಿ ಎರಡೂ ಕಾಲು ಇತ್ತು. ತಳ ಮುಟ್ಟಿದ ಮೇಲೂ ಬಿಗಿದರೆ ಚೂಪು ತುದಿ ಮುರಿಯಬಹುದು, ಅದು ಒಳಗೇ ಸಿಕ್ಕಿಕೊಂಡರೆ ಇಡೀ ಕಾರ್ಬ್ಯುರೇಟರ್ ಬದಲಿಸಬೇಕಾದೀತು.

ಕ್ಲೀನರ್ ಹೊಡೆಯುವ ಮೊದಲು ರಬ್ಬರ್ ರಿಂಗು, ಪೊರೆ ಎಲ್ಲವನ್ನೂ ತೆಗೆದಿಡಿ. ಅದು ತಾಗಿದರೆ ರಬ್ಬರ್ ಉಬ್ಬುತ್ತದೆ. ಜೆಟ್ಟನ್ನು ಕ್ಲೀನರಿನಲ್ಲಿ ಒಂದು ಗಂಟೆ ನೆನೆಸಿ, ಮೀನುಗಾಳದ ಸಪುರ ನೈಲಾನ್ ನೂಲು ತೂರಿಸಿ, ಗಾಳಿ ಹೊಡೆಯಿರಿ. ಹೊಲಿಗೆ ಸೂಜಿ, ಸೇಫ್ಟಿ ಪಿನ್ನು ಬೇಡವೇ ಬೇಡ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಹದ ಕೆಟ್ಟಿತು, ಅದನ್ನು ಮತ್ತೆ ಸಣ್ಣದು ಮಾಡಲು ಬರುವುದಿಲ್ಲ. ಜೆಟ್ಟಿನಷ್ಟೇ ಮುಖ್ಯ ಅದು ಕೂರುವ ದಾರಿ. ಕ್ಲೀನರಿನ ಸಪುರ ನಳಿಗೆಯನ್ನು ಪೈಲಟ್ ಜೆಟ್ಟಿನ ಗೂಡಿಗೆ ಹಿಡಿದರೆ, ಮೇಲೆ ಕೊಳವೆಯ ಗೋಡೆಯಲ್ಲಿರುವ ಚುಕ್ಕೆತೂತುಗಳಿಂದ ಎಳೆ ಚಿಮ್ಮಬೇಕು. ಕಣ್ಣಿಗೆ ಕನ್ನಡಕ ಇರಲಿ.

ಜೋಡಿಸಿದ ಮೇಲೆ ಸ್ಕ್ರೂವನ್ನು ಬರೆದಿಟ್ಟ ಸುತ್ತಿಗೇ ತನ್ನಿ. ಎಂಜಿನ್ ಬಿಸಿಯಾದ ನಂತರ ಕಾಲು ಕಾಲು ಸುತ್ತು ಆಚೀಚೆ ತಿರುಗಿಸಿ, ಸದ್ದು ಅತ್ಯಂತ ಚುರುಕಾಗಿ ಕೇಳುವಲ್ಲಿ ಬಿಡಿ. ಸ್ಕ್ರೂ ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲಿನದ್ದು, ಬಿಚ್ಚಿದಷ್ಟೂ ಪೆಟ್ರೋಲು ಹೆಚ್ಚು. ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿಯದ್ದು, ಬಿಚ್ಚಿದಷ್ಟೂ ಪೆಟ್ರೋಲು ಕೊರೆ. ಇದನ್ನು ತಿಳಿಯದೆ ತಿರುಗಿಸಿದವರು ಕಾಯಿಲೆಗೆ ತಾವೇ ಔಷಧಿ ಕೊಟ್ಟು ಹೆಚ್ಚಿಸುತ್ತಾರೆ.

ಬ್ರಷ್ ಕಟರ್, ಎಟಿವಿ

ಬ್ರಷ್ ಕಟರನ್ನು ತೋಟದ ಕರೆಯಲ್ಲಿ ಹೇಗೆಂದರೆ ಹಾಗೆ ಓರೆ ಮಾಡುತ್ತೇವೆ. ಅದಕ್ಕೇ ಅದರ ಕಾರ್ಬ್ಯುರೇಟರಿನಲ್ಲಿ ಸಾಮಾನ್ಯವಾಗಿ ಬಟ್ಟಲಿಲ್ಲ, ಫ್ಲೋಟಿಲ್ಲ. ಎಂಜಿನ್ನಿನ ಮಿಡಿತಕ್ಕೆ ಕುಣಿಯುವ ಪೊರೆಯೇ ಪೆಟ್ರೋಲನ್ನು ಎತ್ತುತ್ತದೆ. ಸುಮ್ಮನೆ ಓಡುವಾಗ ಚೆನ್ನಾಗಿದ್ದು ಹುಲ್ಲಿಗೆ ಹಿಡಿದೊಡನೆ ಸತ್ತರೆ ಮೂರು ಕಡೆ ನೋಡಿ: ಟ್ಯಾಂಕಿನೊಳಗೆ ಪೈಪಿನ ತುದಿಗಿರುವ ಪುಟ್ಟ ಫಿಲ್ಟರ್, ಬಿರುಕುಬಿಟ್ಟ ಪೈಪು, ಗಟ್ಟಿಯಾದ ಪೊರೆ. ಬೆರಳಲ್ಲಿ ಒತ್ತಿದರೆ ಕಾಗದದಂತೆ ಸದ್ದು ಮಾಡುವ ಪೊರೆ ಬದಲಿಸಬೇಕಾದದ್ದು. ಟು-ಸ್ಟ್ರೋಕ್ ಯಂತ್ರವಾದರೆ ಎಣ್ಣೆಯ ಪ್ರಮಾಣ ಕಂಪನಿ ಹೇಳಿದಷ್ಟೇ ಇರಲಿ. 1:50 ಎಂದರೆ ಲೀಟರಿಗೆ 20 ಮಿಲಿಲೀಟರ್. 'ಒಂದು ಮುಚ್ಚಳ ಹೆಚ್ಚಿರಲಿ' ಎಂದು ಸುರಿದರೆ ಸೈಲೆನ್ಸರಿನ ಬಾಯಲ್ಲಿ ಮಸಿ ಕಟ್ಟಿ ಅದೂ ಮುಗ್ಗರಿಕೆಗೆ ಕಾರಣವಾಗುತ್ತದೆ. ಪೂರ್ತಿ ವೇಗದಲ್ಲಿ ಪೆಟ್ರೋಲಿನ ಹದ ಕಾಯುವ ಸ್ಕ್ರೂವನ್ನು ಅಂದಾಜಿಗೆ ಬಿಗಿಯಬೇಡಿ. ಪೆಟ್ರೋಲು ಕಮ್ಮಿಯಾದರೆ ಎಣ್ಣೆಯೂ ಕಮ್ಮಿ, ಪಿಸ್ಟನ್ ಜಾಮ್ ಆಗುತ್ತದೆ.

ಎಟಿವಿಯಲ್ಲಿ ಇವೇ ಕಾಯಿಲೆಗಳ ಜೊತೆ ಎರಡು ಹೆಚ್ಚಿಗೆ ನೋಡಬೇಕು. ಒಂದು, ಸ್ಲೈಡಿನ ಪೊರೆಯಲ್ಲಿ ಸೂಜಿತೂತು. ಬೆಳಕಿಗೆ ಹಿಡಿದು ಮೆಲ್ಲಗೆ ಎಳೆದು ನೋಡಿದರೆ ಕಾಣುತ್ತದೆ. ಇನ್ನೊಂದು, ಕೆಸರು ಕುಡಿದ ಸ್ಪಂಜಿನ ಏರ್ ಫಿಲ್ಟರ್. ಎತ್ತರದ ಆಟವೂ ಉಂಟು. ನಮ್ಮ ತಗ್ಗಿನಲ್ಲಿ ಹದ ಮಾಡಿದ ಗಾಡಿಯನ್ನು ಸಾವಿರ ಮೀಟರಿಗಿಂತ ಎತ್ತರದ ಮಡಿಕೇರಿಗೆ ಒಯ್ದರೆ ಅಲ್ಲಿ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ತೆಳು. ಇಲ್ಲಿ ಹದವಾಗಿದ್ದ ಪೆಟ್ರೋಲು ಅಲ್ಲಿ ಹೆಚ್ಚಾಗಿ ಕಪ್ಪು ಹೊಗೆ ಬಂದರೆ ಜೆಟ್ಟನ್ನು ದೂರಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಎಂಜಿನ್ ಕೂಗು ಏರಿ ಗಾಡಿ ಮಾತ್ರ ಏರದಿದ್ದರೆ ಅದು ಕ್ಲಚ್ ಜಾರುವಿಕೆ. ಮಳೆಯಲ್ಲಿ ಮಾತ್ರ ಮುಗ್ಗರಿಸಿದರೆ ಪ್ಲಗ್ಗಿನ ಟೊಪ್ಪಿ, ವೈರು ನೋಡಿಸಿ. ವಾಲ್ವ್ ಹೊಂದಾಣಿಕೆ, ಕಾಯಿಲ್ ಪರೀಕ್ಷೆ ಮೆಕ್ಯಾನಿಕ್ ಕೈಯ ಕೆಲಸ. ಅವರ ಬಳಿ ಹೋದಾಗ 'ಪಿಕಪ್ ಇಲ್ಲ' ಎನ್ನುವ ಬದಲು 'ಕಾಲು ಹಿಂಡುವುದರೊಳಗೆ ಮುಗ್ಗರಿಸುತ್ತದೆ, ಚೋಕ್ ಎಳೆದರೆ ಸರಿಯಾಗುತ್ತದೆ' ಎನ್ನಿ. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಬಹುದು.

ಈಗ ನನ್ನದು ಪತ್ತನಾಜೆ ದಿನದ ವ್ರತ. ಮಳೆ ಹಿಡಿಯುವ ಮೊದಲು ಬಟ್ಟಲು ಒಮ್ಮೆ ಖಾಲಿ ಮಾಡಿ ನೋಡುತ್ತೇನೆ, ಮುಚ್ಚಳದ ರಬ್ಬರ್ ಪರೀಕ್ಷಿಸುತ್ತೇನೆ. ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವ ಯಂತ್ರವನ್ನು ಪೆಟ್ರೋಲು ಕಾಕ್ ಮುಚ್ಚಿ, ತಾನಾಗಿ ಆಫ್ ಆಗುವ ತನಕ ಓಡಿಸಿ ಇಡುತ್ತೇನೆ. ಕ್ಯಾನಿನಲ್ಲಿ ಒಂದು ತಿಂಗಳಿಗಿಂತ ಹಳೆಯ ಪೆಟ್ರೋಲು ಇಡುವುದಿಲ್ಲ. ಮೈಲುತುತ್ತು, ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸದೆ ಸ್ಪ್ರೇಯರಿಗೆ ಸುರಿಯದ ನಾವು ಕ್ಯಾನಿನ ಪೆಟ್ರೋಲನ್ನು ಮಾತ್ರ ಹಾಗೆಯೇ ಸುರಿಯುತ್ತಿದ್ದೆವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಆಕ್ಸಿಲರೇಟರಿನ ಮೇಲೆ ಅಂಟಿಸಿದ ಟೇಪು ಮಳೆಗೆ ಎದ್ದುಹೋಗಿದೆ. ಅಂದು ದಂಡಕ್ಕೆ ಕೊಂಡ ಹೊಸ ಪ್ಲಗ್ ಡಬ್ಬಿಯಲ್ಲಿದೆ. ಕೆಟ್ಟಿದೆಯೆಂದು ಬಿಚ್ಚಿಸಿದ್ದ ಹಳೆಯ ಪ್ಲಗ್ಗೇ ಬೈಕಿನಲ್ಲಿ ಕೂತು ದಿನವೂ ಗೋಣಿ ಸಮೇತ ಏರು ಹತ್ತಿಸುತ್ತಿದೆ.